ಮೇಳದಲ್ಲಿ, ಮನೆಯಲ್ಲಿ ಕಂಡವರೆಲ್ಲ ಎಳೆದು ನೋಡುವ ಮರದ ಬಿಲ್ಲು: ಕಾಪಾಡಿಕೊಳ್ಳುವುದು ಹೇಗೆ?

ತಡಸಲು ಪ್ರೇಮಿ

ಕೈಯಿಂದ ಬಿಲ್ಲು ಮಾಡುವವರಿಗೆ ಒಂದು ಪ್ರಶ್ನೆ. ಮರ ಆರಿಸುವುದು, ಒಣಗಿಸುವುದು, ಎರಡೂ ತೋಳುಗಳು ಸಮವಾಗಿ ಬಾಗುವಂತೆ ಕೆತ್ತುವುದು, ಇವೆಲ್ಲವನ್ನೂ ಹೇಳಿಕೊಡುವವರು ಸಿಗುತ್ತಾರೆ. ಮಾಡಿ ಮುಗಿಸಿದ ಬಿಲ್ಲನ್ನು ನೋಡಲು ಬಂದವರ ಕೈಯಿಂದ ಉಳಿಸಿಕೊಳ್ಳುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ನಾನು ಬಿಡುವಿನ ವೇಳೆಯಲ್ಲಿ ತಡಸಲು ಮರದಿಂದಲೂ ಬಿದಿರಿನಿಂದಲೂ ಬಿಲ್ಲು ಮಾಡುತ್ತೇನೆ. ಈಚೆಗೆ ಒಂದು ಕರಕುಶಲ ಮೇಳದಲ್ಲಿ ಕೆಲವನ್ನು ಮೇಜಿನ ಮೇಲೆ ಜೋಡಿಸಿದ್ದೆ. ಒಬ್ಬರಿಗೆ ಬೆಲೆ ಹೇಳುತ್ತಿರುವಾಗ ಪಕ್ಕದಿಂದ ಬಂದ ಯುವಕನೊಬ್ಬ ಹೆದೆಯೇರಿಸಿದ್ದ ಬಿಲ್ಲನ್ನು ಎತ್ತಿಕೊಂಡು, ಕಿವಿಯವರೆಗೆ ಎಳೆದು, ಬಾಣವಿಲ್ಲದೆಯೇ ಬಿಟ್ಟುಬಿಟ್ಟ. ಅದು 28 ಇಂಚು ಎಳೆಯಲು 42 ಪೌಂಡ್ ಬಲ ಬೇಕಾಗುವ ತಡಸಲು ಬಿಲ್ಲು. ಕೆಳತೋಳಿನ ಬೆನ್ನಿನಲ್ಲಿ, ಅಂದರೆ ಗುರಿಯ ಕಡೆಗಿರುವ ಬದಿಯಲ್ಲಿ, ಎರಡು ಬೆರಳುದ್ದದ ಸಿಬಿರು ಎದ್ದಿದೆ. "ಅಷ್ಟೊಂದು ಗಟ್ಟಿ ಇಲ್ಲ ಅಲ್ಲವಾ ಸರ್" ಎಂದು ಹೇಳಿ ಆತ ಮುಂದಿನ ಮಳಿಗೆಗೆ ಹೋದ. "ದಯವಿಟ್ಟು ಮುಟ್ಟಬೇಡಿ" ಎಂಬ ಫಲಕ ಅಲ್ಲೇ ಇತ್ತು. ಫಲಕವನ್ನು ಆಚೆ ಸರಿಸಿಯೇ ಬಿಲ್ಲನ್ನು ಎತ್ತಿಕೊಂಡಿದ್ದ!

ಮನೆಯಲ್ಲೂ ಇದೇ ಕಥೆ. ಹಬ್ಬಕ್ಕೆ ಬಂದ ನೆಂಟರಲ್ಲಿ ಒಬ್ಬರಾದರೂ ಗೋಡೆಯಿಂದ ಬಿಲ್ಲನ್ನು ಇಳಿಸುತ್ತಾರೆ. ನನ್ನ ಭಾವಮೈದುನನಿಗಂತೂ ಅದನ್ನು ಎಳೆಯದೆ ಕಾಫಿ ಒಳಗಿಳಿಯುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲು ನನಗೆ ಮನಸ್ಸಿಲ್ಲ. ಮರದ ಬಿಲ್ಲನ್ನು ಕೈಯಲ್ಲಿ ಹಿಡಿದರೇ ಅದೇನೆಂದು ಗೊತ್ತಾಗುವುದು. ಸಿಡುಕನಾಗದೆ ಬಿಲ್ಲನ್ನು ಉಳಿಸಿಕೊಳ್ಳುವ ದಾರಿ ಏನಾದರೂ ಇದೆಯೇ?

ಮೈದಾನದ ಮೇಡಂ

ದಾರಿ ಇದೆ, ಸುಲಭವಾದದ್ದೇ ಇದೆ. ಹೆದೆ ಇಳಿಸಿಡಿ. ಹೆದೆ ಇಲ್ಲದ ಬಿಲ್ಲನ್ನು ಕೆಡಿಸಬೇಕೆಂದರೆ ಸ್ವಲ್ಪ ಶ್ರಮ ಪಡಬೇಕಾಗುತ್ತದೆ. ಬಂದವರು ಅಷ್ಟು ಶ್ರಮ ಪಡುವುದಿಲ್ಲ.

ನಾನು ಮಕ್ಕಳಿಗೆ ಬಿಲ್ವಿದ್ಯೆ ಕಲಿಸುತ್ತೇನೆ. ಮೊದಲ ದಿನ ಬಾಣವನ್ನೇ ಕೊಡುವುದಿಲ್ಲ, ಖಾಲಿ ಹೆದೆಯನ್ನು ಏಕೆ ಬಿಡಬಾರದು ಎಂಬುದನ್ನು ಹೇಳುತ್ತೇನೆ. ನಿಮ್ಮ 42 ಪೌಂಡ್ ಬಿಲ್ಲನ್ನು ಪೂರ್ತಿ ಎಳೆದಾಗ ಅದರಲ್ಲಿ ಹತ್ತಿರ ಹತ್ತಿರ 50 ಜೌಲ್ ಶಕ್ತಿ ಕೂಡಿಕೊಂಡಿರುತ್ತದೆ. ಬಾಣವಿದ್ದರೆ ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟನ್ನು ಬಾಣವೇ ಹೊತ್ತೊಯ್ಯುತ್ತದೆ, ಉಳಿದದ್ದನ್ನು ತೋಳುಗಳೂ ಹೆದೆಯೂ ಸಹಿಸಿಕೊಳ್ಳುತ್ತವೆ. ಬಾಣವಿಲ್ಲದಿದ್ದರೆ ಅಷ್ಟೂ ಶಕ್ತಿ ತೋಳುಗಳಿಗೇ ಬಡಿಯುತ್ತದೆ. ತುದಿಯಲ್ಲಿ ಹೆದೆ ಕೂರುವ ಕಚ್ಚು ಸೀಳಬಹುದು, ಬೆನ್ನಿನ ನಾರು ಏಳಬಹುದು, ಅಂಟಿಸಿ ಮಾಡಿದ ಬಿಲ್ಲಾದರೆ ಪದರಗಳು ಬಿಟ್ಟುಕೊಳ್ಳಬಹುದು. ಕೆಲವು ಸಲ ಆ ಕ್ಷಣಕ್ಕೆ ಏನೂ ಆದಂತೆ ಕಾಣುವುದಿಲ್ಲ. ಒಳಗೆ ಬಿಟ್ಟ ಬಿರುಕು ವಾರ ಕಳೆದ ಮೇಲೆ ಯಾರೋ ಪೂರ್ತಿ ಎಳೆದಾಗ ಅವರ ಮುಖದ ಮುಂದೆ ಬಾಯಿ ಬಿಡುತ್ತದೆ. ನನ್ನ ಕೋಪವೆಲ್ಲ ಇದರ ಮೇಲೆಯೇ. ಕೆಡಿಸಿದವನು ಒಬ್ಬ, ಪೆಟ್ಟು ತಿನ್ನುವವನು ಇನ್ನೊಬ್ಬ.

ಸಿಬಿರು ಎದ್ದ ಆ ಬಿಲ್ಲನ್ನು ದಯವಿಟ್ಟು ಇನ್ನು ಎಳೆಯಬೇಡಿ, ಒಂದೇ ಒಂದು ಸಲ ನೋಡೋಣ ಎಂದೂ ಎಳೆಯಬೇಡಿ.

ಉಳಿಬಾಚಿ

ಮೇಡಂ ಹೇಳಿದ್ದು ಸರಿ. ಆದರೆ ಎಲ್ಲ ತಪ್ಪನ್ನೂ ಬಂದವರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಈಗ ಬಿಲ್ಲು ಮಾಡುವವರಲ್ಲಿ ಬಹಳ ಮಂದಿ ಹಗುರವಾಗಬೇಕು, ವೇಗ ಬೇಕು ಎಂದು ತೋಳನ್ನು ಕೊನೆಯ ಎಳೆಯವರೆಗೂ ಕೆತ್ತುತ್ತಾರೆ. 28 ಇಂಚಿಗೆ ಎಂದು ಬರೆದ ಬಿಲ್ಲು 29 ಇಂಚಿಗೆ ಹೋದರೆ ಅಳುತ್ತದೆ. ಮೇಳಕ್ಕೆ ಒಯ್ಯುವ ಬಿಲ್ಲು ಬೇರೆ, ಗುರಿ ಹೊಡೆಯುವ ಬಿಲ್ಲು ಬೇರೆ. ಮೇಳದ್ದನ್ನು ಉದ್ದವಾಗಿ, ತೋಳು ಅಗಲವಾಗಿ ಮಾಡಿ. 28 ಇಂಚು ಎಳೆಯುವವನಿಗೆ 68 ಇಂಚಿನ ಬಿಲ್ಲು ಮಾಡಿ, ಬಾಗಿಸಿ ನೋಡುವಾಗ 31ರವರೆಗೂ ಬಾಗಿಸಿ ನೋಡಿ. ಆರಡಿ ಎತ್ತರದ ಹುಡುಗ ಬಂದು ಜಗ್ಗಿದರೂ ತಡೆದುಕೊಳ್ಳುತ್ತದೆ.

ಶಿವಧನುಸ್ಸಿನ ಕಥೆ ಕೇಳಿದಾಗಲೆಲ್ಲ ನಾನು ಯೋಚಿಸುವುದು ರಾಮನ ತೋಳಿನ ಬಗ್ಗೆ ಅಲ್ಲ, ಆ ಬಿಲ್ಲನ್ನು ಎಷ್ಟು ಕಾಲ ಎಣ್ಣೆ ಕಾಣದ ಪೆಟ್ಟಿಗೆಯಲ್ಲಿ ಇಟ್ಟಿದ್ದರು ಎಂಬುದರ ಬಗ್ಗೆ.

ಮೈದಾನದ ಮೇಡಂ

ಉಳಿಬಾಚಿಯವರೇ, ಆ ಬಿಲ್ಲು ಮುರಿದದ್ದಕ್ಕೆ ಮದುವೆಯಾದರೂ ಆಯಿತು. ನಮ್ಮದು ಮುರಿದರೆ ಒಂದು ಕ್ಷಮೆಯೂ ಸಿಗುವುದಿಲ್ಲ.

ಹೆಚ್ಚು ಎಳೆಯುವ ಸಮಸ್ಯೆಗೆ ನಿಮ್ಮ ಉಪಾಯ ಸರಿ. ಖಾಲಿ ಹೆದೆ ಬಿಡುವ ಸಮಸ್ಯೆಗೆ ಅದು ಉತ್ತರವಲ್ಲ. ಎಷ್ಟೇ ಅಗಲವಾದ ತೋಳಾದರೂ ಬಾಣವಿಲ್ಲದೆ ಮತ್ತೆ ಮತ್ತೆ ಬಿಡುತ್ತಿದ್ದರೆ ಒಂದು ದಿನ ಹೋಗುತ್ತದೆ. ಮೇಳದಲ್ಲಿ ಒಬ್ಬ ಬಿಟ್ಟರೆ ಅದನ್ನು ನೋಡಿದ ಇನ್ನೂ ಹತ್ತು ಜನ ಬಿಡುತ್ತಾರೆ.

ಬನ್ನಿಕಟ್ಟೆ

ಬಿಲ್ಲನ್ನು ಪರರ ಕೈಯಿಂದ ಕಾಪಾಡುವ ವಿಷಯದಲ್ಲಿ ಪಾಂಡವರನ್ನು ಮೀರಿಸಿದವರು ಇಲ್ಲ. ಅಜ್ಞಾತವಾಸಕ್ಕೆ ವಿರಾಟನಗರಿಯನ್ನು ಹೊಗುವ ಮುನ್ನ ಸ್ಮಶಾನದ ಹತ್ತಿರದ ಬನ್ನಿಮರದಲ್ಲಿ ಆಯುಧಗಳನ್ನು ಅಡಗಿಸಿದ್ದು ನಮಗೆಲ್ಲ ಗೊತ್ತು, ದಸರೆಯಲ್ಲಿ ಬನ್ನಿ ಹಂಚುವಾಗ ನೆನೆಯುತ್ತೇವೆ. ಮೂಲ ಭಾರತದಲ್ಲಿರುವ ಎರಡು ವಿವರಗಳನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಮೊದಲನೆಯದು, ಮರಕ್ಕೆ ಕಟ್ಟುವ ಮುನ್ನ ಅವರು ಬಿಲ್ಲುಗಳ ಹೆದೆ ಇಳಿಸಿದರು. ಅರ್ಜುನ ಗಾಂಡೀವದ ಹೆದೆಯನ್ನು ಸಡಿಲಿಸಿದ್ದನ್ನು ಕವಿ ಬಿಡದೆ ಹೇಳುತ್ತಾನೆ. ಒಂದು ವರ್ಷ ಹೆದೆಯೇರಿಸಿಟ್ಟರೆ ಏನಾಗುತ್ತದೆ ಎಂಬುದು ಆ ಕಾಲಕ್ಕೂ ಗೊತ್ತಿತ್ತು ಎಂದಾಯಿತು. ಎರಡನೆಯದು, ಮರಕ್ಕೆ ಒಂದು ಹೆಣವನ್ನೂ ಕಟ್ಟಿದರು. ದಾರಿಯಲ್ಲಿ ಸಿಕ್ಕ ದನಗಾಹಿಗಳಿಗೆ "ಇದು 180 ವರ್ಷದ ನಮ್ಮ ತಾಯಿ, ಹೀಗೆ ಮರಕ್ಕೆ ಕಟ್ಟುವುದು ನಮ್ಮ ಕುಲದ ಪದ್ಧತಿ" ಎಂದು ಹೇಳಿದರು. "ದಯವಿಟ್ಟು ಮುಟ್ಟಬೇಡಿ" ಎಂಬ ಫಲಕಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡಿತು. ವರ್ಷದ ಕೊನೆಗೆ ಬಿಲ್ಲು ಇಳಿಸೆಂದು ಹೇಳಿದಾಗ ರಾಜಕುಮಾರ ಉತ್ತರನೇ ಹೆಣ ಮುಟ್ಟುವುದು ಹೇಗೆಂದು ಹಿಂಜರಿಯುತ್ತಾನೆ.

ಪ್ರೇಮಿಯವರು ತಮ್ಮ ಮಳಿಗೆಯಲ್ಲಿ ಯಾವುದನ್ನು ಅಳವಡಿಸಿಕೊಳ್ಳುತ್ತಾರೋ ಅವರಿಗೇ ಬಿಟ್ಟದ್ದು.

ತಡಸಲು ಪ್ರೇಮಿ

ಭಾವಮೈದುನನಿಗೆ ಹೆಣವೂ ತಡೆಯಾಗಲಾರದು. ಹೆದೆ ಇಳಿಸುವುದನ್ನು ಒಪ್ಪಿದೆ.

ಆದರೆ ಒಂದು ತೊಡಕು ಉಳಿಯುತ್ತದೆ. ಹೆದೆ ಇಲ್ಲದೆ ಮೇಜಿನ ಮೇಲಿಟ್ಟರೆ ಜನ ಅದನ್ನು ಬಿಲ್ಲು ಎಂದೇ ಗುರುತಿಸುವುದಿಲ್ಲ. ನನ್ನ ತಡಸಲು ಬಿಲ್ಲುಗಳು ಹೆದೆ ಇಳಿಸಿದರೆ ಹೆಚ್ಚುಕಡಿಮೆ ನೇರವಾಗಿ ನಿಲ್ಲುತ್ತವೆ. "ಈ ಕೋಲು ಎಷ್ಟಕ್ಕೆ?" ಎಂದು ಕೇಳಿದವರಿದ್ದಾರೆ.

ಲೀಡ್ಸ್ ಕನ್ನಡಿಗ

ಇಲ್ಲಿ ಇಂಗ್ಲೆಂಡಿನಲ್ಲಿ ಉದ್ದಬಿಲ್ಲಿನ ಕ್ಲಬ್ಬೊಂದಕ್ಕೆ ಹೋಗುತ್ತೇನೆ. ಸೇರಿದ ದಿನವೇ ಹೇಳಿದ ನಿಯಮ: ಕೇಳದೆ ಇನ್ನೊಬ್ಬರ ಬಿಲ್ಲನ್ನೂ ಬಾಣವನ್ನೂ ಮುಟ್ಟಬಾರದು. ಕೇಳಿ ಎತ್ತಿಕೊಂಡರೂ ಎಳೆಯಲು ಮತ್ತೊಮ್ಮೆ ಕೇಳಬೇಕು, ಏಕೆಂದರೆ ನಿಮ್ಮ ಎಳೆತದ ಉದ್ದ ಬೇರೆ, ಬಿಲ್ಲಿನ ಒಡೆಯನದು ಬೇರೆ. ಇದು ದೊಡ್ಡ ವಿಷಯವೆಂದು ಯಾರೂ ಭಾವಿಸುವುದಿಲ್ಲ, ಪರರ ಕನ್ನಡಕವನ್ನು ಯಾರೂ ಎತ್ತಿ ಹಾಕಿಕೊಳ್ಳುವುದಿಲ್ಲವಲ್ಲ, ಹಾಗೆ.

ರೋಜರ್ ಆಶಮ್ ಎಂಬ ವಿದ್ವಾಂಸ 1545ರಲ್ಲಿಯೇ ಬಿಲ್ಲು ಮುರಿಯುವುದಕ್ಕೆ ನಾಲ್ಕು ಕಾರಣಗಳನ್ನು ಕೊಟ್ಟಿದ್ದಾನೆ: ಹೆದೆಯಿಂದ, ಬಾಣದಿಂದ, ಮಿತಿಮೀರಿ ಎಳೆಯುವುದರಿಂದ, ಮರದಲ್ಲಿ ಹುಟ್ಟುವ ಸಣ್ಣ ಬಿರುಕುಗಳಿಂದ. ಇಂದಿಗೂ ಮುರಿದ ಬಿಲ್ಲು ಕಂಡಾಗ ನಾನು ಇದೇ ಕ್ರಮದಲ್ಲಿ ಹುಡುಕುತ್ತೇನೆ. ಹೆದೆ ಹರಿದರೆ ಅದೂ ಖಾಲಿ ಬಿಟ್ಟಂತೆಯೇ. ಬಾಣದ ಹಿಂಬದಿಯ ಕಚ್ಚು ಸೀಳಿ ಬಾಣ ಹೆದೆಯಿಂದ ಜಾರಿದರೂ ಹಾಗೆಯೇ. ತೀರಾ ಹಗುರವಾದ ಬಾಣವೂ ಅರ್ಧ ಖಾಲಿ ಬಿಟ್ಟಂತೆ. ಮರದ ಬಿಲ್ಲಿಗೆ ಎಳೆತದ ಪ್ರತಿ ಪೌಂಡಿಗೆ 9ರಿಂದ 10 ಗ್ರೇನ್ ತೂಕದ ಬಾಣ ಬೇಕು. 40 ಪೌಂಡಿನ ಬಿಲ್ಲಿಗೆ 400 ಗ್ರೇನ್, ಅಂದರೆ 26 ಗ್ರಾಂ. ಗೆಳೆಯರು ತಮ್ಮ ತೆಳ್ಳನೆಯ ಕಾರ್ಬನ್ ಬಾಣ ತಂದು "ಇದರಿಂದ ಒಂದು ಬಿಡುತ್ತೇನೆ" ಎಂದರೆ ನಗುತ್ತಲೇ ಬೇಡ ಎನ್ನಿ.

ಇನ್ನೊಂದು ಮಾತು. ಯಾರೋ ಉಪಕಾರ ಮಾಡುವ ಮನಸ್ಸಿನಿಂದ ಹಳೆಯ ಹೆದೆ ತೆಗೆದು ಹೊಸ ತಳಿಯ ಹಿಗ್ಗದ ದಾರದ ಹೆದೆ ಕಟ್ಟಿಕೊಡುತ್ತಾರೆ. ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ ಅದು ಸೊಗಸು. ಕೊಂಬಿನ ತುದಿಯಾಗಲಿ ಗಟ್ಟಿಮರದ ಪದರವಾಗಲಿ ಇಲ್ಲದ ಮರದ ಕಚ್ಚಿಗೆ ಅದು ಗರಗಸ. ಸ್ವಲ್ಪ ಹಿಗ್ಗುವ ಡಾಕ್ರಾನ್ ಎಂಬ ಪಾಲಿಯೆಸ್ಟರ್ ದಾರದ ಹೆದೆಯನ್ನೇ ಇಟ್ಟುಕೊಳ್ಳಿ.

ಹೊಸ ಬಿಲ್ಲುಗಾರ

ಕ್ಷಮಿಸಿ, ನಡುವೆ ಬರುತ್ತಿದ್ದೇನೆ. ನನ್ನದು ತುದಿಗಳು ಮುಂದಕ್ಕೆ ಬಾಗಿರುವ ಸಣ್ಣ ಬಿಲ್ಲು, ಕುದುರೆ ಸವಾರರ ಮಾದರಿಯದು. ಹೆದೆ ಇಳಿಸಿ ಕಪಾಟಿನಲ್ಲಿಟ್ಟಿದ್ದೆ. ನಮ್ಮ ಚಿಕ್ಕಪ್ಪ ಹೆದೆಯನ್ನು ತಾವೇ ಕಟ್ಟುತ್ತೇನೆಂದು ಕುಳಿತರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಬಿಲ್ಲು ಅದು ಈಗಾಗಲೇ ಬಾಗಿದ್ದ ಕಡೆಗೇ ಇನ್ನಷ್ಟು ಬಾಗುತ್ತಿತ್ತು! ಕೂಗಿ ನಿಲ್ಲಿಸಿದೆ. ಹೆದೆ ಇಳಿಸಿಡುವುದೇ ಉಪಾಯವಾದರೆ ಇಂಥವರಿಗೇನು ಮಾಡುವುದು?

ಉಳಿಬಾಚಿ

ಕೂಗಿದ್ದು ಒಳ್ಳೆಯದಾಯಿತು. ಹೆದೆ ಇಳಿಸಿದಾಗ ಮುಂದಕ್ಕೆ ಬಾಗುವ ಬಿಲ್ಲನ್ನು ಕಂಡ ಸಾಮಾನ್ಯ ಮನುಷ್ಯ ಅದು ಈಗಾಗಲೇ ಬಾಗಿದೆ, ಆ ಎರಡು ತುದಿಗಳಿಗೆ ದಾರ ಕಟ್ಟಿದರೆ ಆಯಿತು ಎಂದೇ ತಿಳಿಯುತ್ತಾನೆ. ಹಾಗೆ ಹಿಮ್ಮುಖವಾಗಿ ಕಟ್ಟಿ ಎಳೆದರೆ ಎಳೆಯುವವನ ಕಡೆಗಿರಬೇಕಾದ ಹೊಟ್ಟೆಯ ಬದಿ ಹಿಗ್ಗಬೇಕಾಗುತ್ತದೆ, ಬೆನ್ನಿನ ಬದಿ ಕುಗ್ಗಬೇಕಾಗುತ್ತದೆ. ಮರ ಅದಕ್ಕೆ ಸಿದ್ಧವಾಗಿರುವುದಿಲ್ಲ, ಪಟ್ಟೆಂದು ಹೋಗುತ್ತದೆ. ಸರಿಯಾದ ಕಡೆಗೆ ಬಾಗಿಸಿದರೂ ಕಾಲುಗಳ ನಡುವೆ ಹಾಯಿಸಿ ತೊಡೆಗೆ ಒತ್ತಿ ಹೆದೆಯೇರಿಸುವವರು ತೋಳನ್ನು ತಿರುಚಿಬಿಡುತ್ತಾರೆ. ಒಮ್ಮೆ ತಿರುಚಿಕೊಂಡ ತುದಿಯನ್ನು ನೇರ ಮಾಡಲು ಬಿಸಿ ಹಾಯಿಸಬೇಕು, ಅದು ದೊಡ್ಡ ಕೆಲಸ.

ಉಪಾಯ: ಬಿಲ್ಲು ಒಂದು ಕಡೆ, ಹೆದೆ ಇನ್ನೊಂದು ಕಡೆ. ನನ್ನ ಹೆದೆಗಳೆಲ್ಲ ಬೀರುವಿನ ಡ್ರಾಯರಿನಲ್ಲಿ ಇರುತ್ತವೆ, ಯಾವುದು ಯಾವ ಬಿಲ್ಲಿನದೆಂದು ಒಂದೊಂದಕ್ಕೂ ಬಣ್ಣದ ದಾರ ಕಟ್ಟಿದ್ದೇನೆ. ಹೆದೆಯೇರಿಸುವ ಹಗ್ಗವೂ ಅಲ್ಲೇ. ಕೇಳಿದವರಿಗೆ "ಹೆದೆ ಹುಡುಕಬೇಕು" ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ನಾಟಕದ ಮೇಷ್ಟ್ರು

ನಾನು ಬಿಲ್ಲು ಮಾಡುವವನಲ್ಲ, ಬೇಡುವವರ ಗುಂಪಿನವನು. ಶಾಲೆಯ ವಾರ್ಷಿಕೋತ್ಸವದ ಏಕಲವ್ಯನಿಗೆ ಬಿಲ್ಲು ಬೇಕೆಂದು ನಿಮ್ಮಂಥ ಒಬ್ಬರ ಮನೆಗೆ ಹೋಗಿದ್ದೆ. ಅವರು ತಮ್ಮ ಬಿಲ್ಲು ಕೊಡಲಿಲ್ಲ. ಅರ್ಧ ಇಂಚಿನ ಪಿವಿಸಿ ಕೊಳವೆಯನ್ನು ಬಿಸಿ ಮಾಡಿ ಬಾಗಿಸಿ, ಕಂದು ಬಣ್ಣ ಬಳಿದು, ಸೆಣಬಿನ ದಾರ ಸುತ್ತಿ ಕೊಟ್ಟರು. ಹೆದೆಯ ಬದಲು ಎಲಾಸ್ಟಿಕ್. ರಂಗದ ಮೇಲೆ ದೀಪದ ಬೆಳಕಿನಲ್ಲಿ ಅದು ಅಸಲಿ ಬಿಲ್ಲಿಗಿಂತ ಚೆನ್ನಾಗಿ ಕಂಡಿತು, ಮಕ್ಕಳು ಎಷ್ಟು ಎಳೆದು ಬಿಟ್ಟರೂ ಏನೂ ಆಗಲಿಲ್ಲ. ಈಗ ಶಾಲೆಯಲ್ಲೇ ಅಂಥವು ಒಂದು ಕಟ್ಟು ಇವೆ, ರಾಮಾಯಣಕ್ಕೂ ಅವೇ, ಬೇಡರ ಕುಣಿತಕ್ಕೂ ಅವೇ. ಇಲ್ಲ ಎನ್ನುವುದಕ್ಕಿಂತ ಬೇರೆಯದನ್ನು ಕೊಡುವುದು ಉಪಕಾರ.

ಮೈದಾನದ ಮೇಡಂ

ಮೇಷ್ಟ್ರೇ, ನೀವು ಒಳ್ಳೆಯ ಬೇಡುಗರು. ಈಚೆಗೆ ಹೆಚ್ಚಿರುವ ಇನ್ನೊಂದು ಬಗೆ ಎಂದರೆ ಮದುವೆಗೆ ಮುಂಚಿನ ಫೋಟೋ ತೆಗೆಸುವವರು. ಮದುಮಗ ಬಿಲ್ಲನ್ನು ಪೂರ್ತಿ ಎಳೆದು ನಿಲ್ಲಬೇಕು, ಮದುಮಗಳು ಭುಜಕ್ಕೆ ಒರಗಬೇಕು, ಫೋಟೋಗ್ರಾಫರ್ "ಹಾಗೇ ಇರಿ, ಹಾಗೇ ಇರಿ, ಇನ್ನೊಂದು" ಎನ್ನುತ್ತಲೇ ಇರಬೇಕು. ಮರದ ಬಿಲ್ಲನ್ನು ಪೂರ್ತಿ ಎಳೆತದಲ್ಲಿ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಎಳೆದು ಹಿಡಿದಷ್ಟೂ ಹೊಟ್ಟೆಯ ಬದಿಯ ನಾರು ನಲುಗುತ್ತದೆ, ಬಾಗು ಅಲ್ಲೇ ಕೂತುಬಿಡುತ್ತದೆ, ಬಿಲ್ಲಿನ ಬಿರುಸು ಇಳಿಯುತ್ತದೆ. ಪೂರ್ತಿ ಎಳೆದ ಬಿಲ್ಲು ಹತ್ತರಲ್ಲಿ ಒಂಬತ್ತು ಪಾಲು ಮುರಿದಂತೆಯೇ ಎಂದು ಇಂಗ್ಲಿಷರಲ್ಲಿ ಹಳೆಯ ಗಾದೆಯೇ ಇದೆ. ಅಷ್ಟೆಲ್ಲ ಹೊತ್ತು ನಿಂತ ಮದುಮಗ ಕೊನೆಗೆ ಕೈಸೋತು ಏನು ಮಾಡುತ್ತಾನೆ? ಖಾಲಿ ಹೆದೆ ಬಿಡುತ್ತಾನೆ.

ಅವರಿಗೂ ಪಿವಿಸಿಯೇ ಸರಿ.

ಬನ್ನಿಕಟ್ಟೆ

ಕ್ಯಾಲಿಫೋರ್ನಿಯಾದ ಇಶಿಯ ವಿಷಯ ಹೇಳಬೇಕು. ಯಾಹಿ ಎಂಬ ಬುಡಕಟ್ಟಿನಲ್ಲಿ ಉಳಿದ ಕೊನೆಯವನು. 1911ರಲ್ಲಿ ಒಬ್ಬನೇ ಕಾಡಿನಿಂದ ಹೊರಗೆ ಬಂದ, 1916ರಲ್ಲಿ ತೀರಿಕೊಳ್ಳುವವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ಇದ್ದ. ಅಲ್ಲಿಯ ವೈದ್ಯರೊಬ್ಬರು ಅವನಿಂದ ಬಿಲ್ಲು ಮಾಡುವುದನ್ನೂ ಹೊಡೆಯುವುದನ್ನೂ ಕಲಿತು ಬರೆದಿಟ್ಟರು. ಇಶಿಯ ನಿಯಮಗಳು: ಬಿಲ್ಲನ್ನು ನಿಲ್ಲಿಸಿ ಇಡಬಾರದು, ನಿಂತ ಬಿಲ್ಲು ದಣಿಯುತ್ತದೆ, ಬೆವರುತ್ತದೆ, ಮಲಗಿಸಿಯೇ ಇಡಬೇಕು. ಬಿಲ್ಲನ್ನು ಯಾರೂ ದಾಟಬಾರದು. ಮಕ್ಕಳ ಕೈಗೆ ಕೊಡಬಾರದು. ಹೆಂಗಸರು ಮುಟ್ಟಬಾರದು. ಮುಟ್ಟಿದರೆ ಗುರಿ ತಪ್ಪುತ್ತದೆ, ಮರಳು ನೀರು ಹಾಕಿ ತೊಳೆಯಬೇಕು.

ಬಿಲ್ಲನ್ನು ದಾಟಬಾರದು ಎಂಬುದು ನಮಗೂ ಹೊಸದಲ್ಲ. ಆಯುಧಪೂಜೆಯ ದಿನ ಕುಂಕುಮ ಹಚ್ಚಿಟ್ಟ ಗರಗಸವನ್ನು ದಾಟಿದರೆ ನಮ್ಮಜ್ಜಿ ಬೆನ್ನಿಗೆ ಒಂದು ಕೊಡುತ್ತಿದ್ದರು.

ಮೈದಾನದ ಮೇಡಂ

ಹೆಂಗಸರ ಭಾಗ ಬಿಟ್ಟು ಉಳಿದದ್ದನ್ನು ಒಪ್ಪುತ್ತೇನೆ. ನಮ್ಮ ಮೈದಾನದಲ್ಲಿ ಈವರೆಗೆ ಬಿಲ್ಲು ಮುರಿದವರೆಲ್ಲ ಗಂಡಸರೇ.

ಮಲಗಿಸಿ ಇಡುವ ಮಾತು ಸರಿಯಾದದ್ದು. ಗೋಡೆಗೆ ಎರಡು ಮರದ ಗೂಟ ಹೊಡೆದು, ತೋಳಿನ ನಡುಭಾಗಕ್ಕೆ ಆಸರೆ ಸಿಗುವಂತೆ ಅಡ್ಡಲಾಗಿ ಇಡಿ. ಮೂಲೆಗೆ ನಿಲ್ಲಿಸಿದರೆ ಇಡೀ ಭಾರ ಕೆಳತುದಿಯ ಮೇಲೆ ಬೀಳುತ್ತದೆ, ನೆಲ ಒರೆಸಿದ ನೀರನ್ನೂ ಅದೇ ತುದಿ ಕುಡಿಯುತ್ತದೆ. ಗೂಟವನ್ನು ಕೈಗೆ ಸಿಗದ ಎತ್ತರಕ್ಕೆ ಹೊಡೆಯಿರಿ. ಕುರ್ಚಿ ತಂದು ಹತ್ತುವಷ್ಟು ಆಸಕ್ತಿ ಇರುವ ನೆಂಟ ಹತ್ತುವ ಮೊದಲು ಒಂದು ಮಾತು ಕೇಳಿಯೇ ಕೇಳುತ್ತಾನೆ.

ಉಳಿಬಾಚಿ

ಎತ್ತರಕ್ಕೆ ಇಡಿ, ಹಾಗೆಂದು ಅಟ್ಟದ ಹೆಂಚಿನ ಕೆಳಗೆ ಇಡಬೇಡಿ. ಬೇಸಿಗೆಯಲ್ಲಿ ಮರ ಮಿತಿಮೀರಿ ಒಣಗುತ್ತದೆ. ಬಿಲ್ಲಿನ ಮರದಲ್ಲಿ ಶೇಕಡಾ 8ರಿಂದ 10ರಷ್ಟು ತೇವ ಇದ್ದರೆ ಚೆನ್ನ. ಅದಕ್ಕಿಂತ ಬಹಳ ಇಳಿದರೆ ಬೆನ್ನು ಸಿಡಿಯುತ್ತದೆ, ಏರಿದರೆ ಬಿಲ್ಲು ಸಪ್ಪೆಯಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಏರದೆ ಇರುವುದೇ ಕಷ್ಟ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನವು ಅಡುಗೆಮನೆಗೆ ಹತ್ತಿದ ಕೋಣೆಯಲ್ಲಿ ಇರುತ್ತವೆ.

ಎರವಲು ಒಯ್ದವರು ಮಾಡುವ ದೊಡ್ಡ ಅನಾಹುತ ಇನ್ನೊಂದಿದೆ, ಕಾರು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ಹತ್ತಿರಕ್ಕೆ ಹೋಗುತ್ತದೆ. ಮನೆಯಲ್ಲಿ ಕಲಸಿ ಹಚ್ಚುವ ಎಪಾಕ್ಸಿ ಅಂಟುಗಳಲ್ಲಿ ಬಹಳಷ್ಟು ಅಷ್ಟಕ್ಕೇ ಮೆತ್ತಗಾಗುತ್ತವೆ. ಬೆನ್ನಿಗೆ ಬಿದಿರು ಅಂಟಿಸಿದ ಬಿಲ್ಲನ್ನು ಹಾಗೆ ಬಿಟ್ಟು ಬಂದು ತಕ್ಷಣ ಎಳೆದರೆ ಬಿದಿರು ಒಂದು ಕಡೆ, ಮರ ಒಂದು ಕಡೆ. ಆಮೇಲೆ ಫೋನ್ ಮಾಡಿ "ಅಂಟು ಸರಿಯಿರಲಿಲ್ಲ" ಎನ್ನುತ್ತಾರೆ.

ಲೀಡ್ಸ್ ಕನ್ನಡಿಗ

ಕೈಯುಂಗುರಗಳ ವಿಷಯ ಯಾರೂ ಹೇಳಲಿಲ್ಲ. ಬಿಲ್ಲನ್ನು ಎಳೆಯದೆ ಬರೀ ಕೈಯಲ್ಲಿ ತಿರುಗಿಸಿ ನೋಡುವವರೂ ಹಾನಿ ಮಾಡಬಲ್ಲರು. ಒಂದೇ ಮರದಿಂದ ಕೆತ್ತಿದ ಬಿಲ್ಲಿನ ಬೆನ್ನು ಎಂದರೆ ಮರದ ಒಂದೇ ಬೆಳವಣಿಗೆಯ ಉಂಗುರ, ತುದಿಯಿಂದ ತುದಿಗೆ ಎಲ್ಲೂ ಕಡಿಯದೆ ಉಳಿಸಿದ್ದು. ಎಳೆದಾಗ ಇಡೀ ಜಗ್ಗಾಟವನ್ನು ಹೊರುವುದು ಆ ಪದರವೇ. ಕೈಯುಂಗುರ, ಕಡಗ, ಗಡಿಯಾರದ ಕೊಂಡಿ, ಮೇಜಿನ ಅಂಚು, ಯಾವುದು ತಾಗಿ ಗೀರು ಬಿದ್ದರೂ ಅಲ್ಲಿಂದಲೇ ಸಿಬಿರು ಏಳುತ್ತದೆ. ಹೊಟ್ಟೆಯ ಬದಿಯ ಸಣ್ಣ ಗೀರಿಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಯಾರ ಕೈಯಿಂದ ಮರಳಿ ಬಂದರೂ ನಾನು ಮೊದಲು ಒಂದು ಹತ್ತಿಯ ಉಂಡೆಯನ್ನು ತೋಳುಗಳ ಉದ್ದಕ್ಕೂ ಸವರುತ್ತೇನೆ. ಕಣ್ಣಿಗೆ ಕಾಣದ ಸಿಬಿರಿಗೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹೊಟ್ಟೆಯ ಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಅಡ್ಡಡ್ಡಕ್ಕೆ ಕೂದಲೆಳೆಯಂಥ ಗೆರೆಗಳಿದ್ದರೆ ನಾರು ನಲುಗಿದೆ ಎಂದು ಅರ್ಥ. ಕೊನೆಗೆ ಕಚ್ಚುಗಳು.

ತಡಸಲು ಪ್ರೇಮಿ

ಹತ್ತಿಯ ಉಪಾಯ ಈಗಲೇ ಮಾಡಿ ನೋಡಿದೆ. ಕಣ್ಣಿಗೆ ಕಂಡ ಸಿಬಿರಿನಿಂದ ನಾಲ್ಕು ಬೆರಳು ಮೇಲೆ ಇನ್ನೊಂದು ಕಡೆಯೂ ಹತ್ತಿ ಸಿಕ್ಕಿಕೊಂಡಿತು. ಇದನ್ನು ಸರಿಮಾಡಬಹುದೇ?

ಉಳಿಬಾಚಿ

ಒಂದೇ ಕಡೆ ಆಗಿದ್ದರೆ, ಸಿಬಿರು ತೆಳ್ಳಗಿದ್ದರೆ, ತೆಳುವಾದ ಸೂಪರ್‌ಗ್ಲೂ ಒಳಗೆ ಇಳಿಸಿ, ಒತ್ತಿ ಹಿಡಿದು, ಒಣಗಿದ ಮೇಲೆ ರೇಷ್ಮೆ ಅಥವಾ ಲಿನನ್ ದಾರವನ್ನು ಒತ್ತೊತ್ತಾಗಿ ಸುತ್ತಿ ಅಂಟಿನಲ್ಲಿ ನೆನೆಸಿ ಎನ್ನುತ್ತಿದ್ದೆ. ಎರಡು ಕಡೆ ಎಂದರೆ ಆ ಉಂಗುರವೇ ಬಿಟ್ಟುಕೊಂಡಿದೆ. ಗೋಡೆಗೆ ಹಾಕಿ. ಹಾಕುವ ಮುನ್ನ ಎರಡೂ ಕಚ್ಚುಗಳನ್ನು ಕತ್ತರಿಸಿಬಿಡಿ, ನಿಮ್ಮ ಭಾವಮೈದುನ ಹೆದೆ ಕಟ್ಟಲಾಗದಂತೆ.

ತಡಸಲು ಪ್ರೇಮಿ

ಕತ್ತರಿಸಲು ಕೈ ಬರುವುದಿಲ್ಲ, ಆದರೂ ಕತ್ತರಿಸುತ್ತೇನೆ.

ಮೇಳಕ್ಕೆ ಹೀಗೆ ಯೋಚಿಸಿದ್ದೇನೆ. ಮಾರುವ ಬಿಲ್ಲುಗಳೆಲ್ಲ ಹಿಂದೆ, ಅಡ್ಡ ಗೂಟಗಳ ಮೇಲೆ, ಹೆದೆ ಇಲ್ಲದೆ. ಕೋಲು ಎನ್ನುವವರಿಗೆ ತಿಳಿಯಲೆಂದು ಪ್ರತಿಯೊಂದರ ಪಕ್ಕದಲ್ಲಿ ಅದೇ ಬಿಲ್ಲನ್ನು ಪೂರ್ತಿ ಎಳೆದ ಒಂದು ಫೋಟೋ. ಮುಂದೆ ಮೇಜಿನ ಮೇಲೆ ಮುಟ್ಟಲೆಂದೇ ಮಾಡಿದ ಒಂದು ಬಿದಿರಿನ ಬಿಲ್ಲು, ಹೆದೆಯೇರಿಸಿದ್ದು. ಇದಕ್ಕೇನಾದರೂ ಆಕ್ಷೇಪ ಇದೆಯೇ?

ಮೈದಾನದ ಮೇಡಂ

ಆ ಮುಟ್ಟುವ ಬಿಲ್ಲು 20 ಪೌಂಡಿಗಿಂತ ಹೆಚ್ಚು ಇರಬಾರದು. ಹಿಡಿಯಿಂದ ಹೆದೆಯ ನಡುವಿಗೆ ಒಂದು ನೈಲಾನ್ ದಾರ ಕಟ್ಟಿ. ಹೆದೆ ಹಿಡಿಯಿಂದ 6 ಇಂಚು ದೂರ ನಿಂತಿದ್ದರೆ ದಾರ 10 ಇಂಚು ಇರಲಿ. ನಾಲ್ಕು ಇಂಚು ಎಳೆದಾಗ ದಾರ ಬಿಗಿಯಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಬಿಲ್ಲಿನ ಜೀವ ಕೈಗೆ ಗೊತ್ತಾಗುತ್ತದೆ, ಬಿಟ್ಟರೂ ತೋಳಿಗೆ ಏಟು ಬೀಳುವಷ್ಟು ಶಕ್ತಿ ಅದರಲ್ಲಿ ಇರುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹೆದೆ ಇಳಿಸಿ ಒಂದು ಗಂಟೆ ಬಿಡಿ.

ಜಾಗ ಇದ್ದರೆ ಇದಕ್ಕಿಂತಲೂ ಒಳ್ಳೆಯದೊಂದಿದೆ. ಹುಲ್ಲಿನ ಪಿಂಡಿ ಒಟ್ಟಿ, ಹಿಂದೆ ಬಲೆ ಕಟ್ಟಿ, ಪಕ್ಕದಲ್ಲಿ ಯಾರೂ ಹಾಯದಂತೆ ಹಗ್ಗ ಎಳೆದು, ಬಂದವರಿಗೆ ಮೂರು ಬಾಣ ಬಿಡಲು ಕೊಡಿ. ಒಬ್ಬರಾದ ಮೇಲೆ ಒಬ್ಬರಿಗೆ, ನೀವೇ ಪಕ್ಕದಲ್ಲಿ ನಿಂತು. ಆತನ ಎಳೆತ ಎಷ್ಟೆಂದು ಮೊದಲೇ ನೋಡಿಕೊಳ್ಳಿ: ಚಾಚಿದ ಎರಡು ಕೈಗಳ ಉದ್ದವನ್ನು ಇಂಚಿನಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿದರೆ ಹತ್ತಿರದ ಲೆಕ್ಕ ಸಿಗುತ್ತದೆ. 70 ಇಂಚು ಬಂದರೆ 28. ಬಾಣಕ್ಕೆ 26 ಇಂಚಿನಲ್ಲಿ ಕೆಂಪು ಪಟ್ಟಿ ಸುತ್ತಿ, ಅದು ಹಿಡಿಯ ಹತ್ತಿರ ಬಂದೊಡನೆ ಬಿಡಲು ಹೇಳಿ. ಜನರಿಗೆ ಇರುವ ಚಪಲ ಬಿಲ್ಲನ್ನು ಮುಟ್ಟುವುದಲ್ಲ, ಹೆದೆಯನ್ನು ಬಿಡುವುದು. ಒಮ್ಮೆ ಸರಿಯಾಗಿ ಬಿಟ್ಟವರು ಮತ್ತೆ ನಿಮ್ಮ ಮೇಜಿನ ಕಡೆ ಕೈ ಚಾಚುವುದನ್ನು ನಾನು ಕಂಡಿಲ್ಲ. ನಿಮ್ಮ ಮೇಳದ ಯುವಕನಿಗೂ ಯಾರೋ ಮೊದಲೇ ಒಂದು ಬಾಣ ಕೊಟ್ಟಿದ್ದರೆ ಆ ತಡಸಲು ಉಳಿಯುತ್ತಿತ್ತು.

ಉಳಿಬಾಚಿ

ಇದನ್ನು ಒಪ್ಪಿದೆ. ಫಲಕವನ್ನೂ ಬದಲಿಸಿ. "ಮುಟ್ಟಬೇಡಿ" ಎಂದರೆ ಏಕೆಂದು ಯಾರಿಗೂ ಗೊತ್ತಾಗುವುದಿಲ್ಲ. "ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲು ಮುರಿಯುತ್ತದೆ, ಮುರಿದರೆ ಬೆಲೆ ಇಷ್ಟು" ಎಂದು ರೂಪಾಯಿಯಲ್ಲಿ ಬರೆಯಿರಿ. ಬೆಲೆ ಓದಿದ ಮೇಲೆ ಕೈಗಳು ತಾವಾಗಿಯೇ ಬೆನ್ನ ಹಿಂದಕ್ಕೆ ಹೋಗುತ್ತವೆ.

ಹೊಸ ಬಿಲ್ಲುಗಾರ

ಮೇಡಂ, ಆ ನೈಲಾನ್ ದಾರವನ್ನು ಹೆದೆಗೆ ನೇರವಾಗಿ ಕಟ್ಟಿದರೆ ಹೆದೆಯ ಎಳೆಗಳು ಸವೆಯುವುದಿಲ್ಲವೇ?

ಮೈದಾನದ ಮೇಡಂ

ಬಾಣ ಕೂರುವ ಜಾಗದಲ್ಲಿ ಹೆದೆಗೆ ಮೊದಲೇ ದಾರ ಸುತ್ತಿರುತ್ತೀರಲ್ಲ, ಅದರ ಮೇಲೆ ಕಟ್ಟಿ. ಗಂಟಿಗೆ ಒಂದು ಹನಿ ಅಂಟು ಹಾಕಿ, ಇಲ್ಲದಿದ್ದರೆ ಯಾರಾದರೂ ಬಿಚ್ಚುತ್ತಾರೆ.